ಹೊಗೆಯಲ್ಲಿ ಒಣಗಿದ ಟವೆಲು

ಇದನ್ನು ಹೇಳುವ ಅಧಿಕಾರ ನನಗಿದೆಯೋ ಇಲ್ಲವೋ, ಈಗಲೂ ಅನುಮಾನ. ಅಕ್ಕತಂಗಿಯರ ನಡುವಿನ ವಿಷಯ. ಇದನ್ನು ಹೇಳು ಎಂದು ಅವರಲ್ಲಿ ಒಬ್ಬರೂ ನನಗೆ ಅಂದಿಲ್ಲ. ಹೇಳದೆ ಇರಲು ನೋಡಿದೆ, ಆಗಲಿಲ್ಲ. ಎಲ್ಲಾದರೂ ತಪ್ಪಿದರೆ ಅದು ನನ್ನ ತಪ್ಪು, ಅವರದಲ್ಲ; ಮನ್ನಿಸಬೇಕು.

ಬೀದಿಯ ಈ ಬದಿಯ ಮಹಡಿಯಲ್ಲಿ ತಂಗಿ, ಎದುರು ಬದಿಯ ಮಹಡಿಯಲ್ಲಿ ಅಕ್ಕ. ತಂಗಿ ಹೊಲಿಗೆಯವಳು. ಶಾಲೆಯ ಸಮವಸ್ತ್ರ, ಉದ್ದ ಕಡಿಮೆ ಮಾಡುವ ಪ್ಯಾಂಟು, ಹರಿದ ಜೇಬು, ಎಲ್ಲವೂ ಅವಳ ಹತ್ತಿರ ಬರುತ್ತಿದ್ದವು. ಬೀದಿಯವರ ಬಾಯಲ್ಲಿ ಅವಳು ಟೈಲರಮ್ಮ. ಅಕ್ಕ ಚಿಕ್ಕ ಮಕ್ಕಳಿಗೆ ಹಾಡು ಕಲಿಸಿ ನಿವೃತ್ತಳಾದವಳು, ಚಿಕ್ಕಂದಿನಿಂದ ಉಬ್ಬಸದವಳು. ಇಬ್ಬರಿಗೂ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಅಮ್ಮ ತೀರಿಕೊಂಡ ಮೇಲೆ ಅಮ್ಮನ ಹೊಲಿಗೆ ಯಂತ್ರದ ಮಾತು ಬಂತು. ಸೂಜಿಗೆ ದಾರ ಪೋಣಿಸಲು ಬರದ ನಿನಗೆ ಅದು ಯಾಕೆ ಎಂದು ತಂಗಿ ಕೇಳಿಬಿಟ್ಟಳು. ಅಮ್ಮನ ಕೈ ಆಡಿದ ವಸ್ತು, ಸುಮ್ಮನೆ ಮೂಲೆಯಲ್ಲಿದ್ದರೂ ಸಾಕಿತ್ತು ಎಂದಳು ಅಕ್ಕ. ಯಂತ್ರ ತಂಗಿಯ ಕಿಟಕಿಯ ಪಕ್ಕಕ್ಕೆ ಬಂತು. ಮಾತು ಅಂದಿಗೇ ನಿಂತಿತು. ಚಿಕ್ಕ ಮಕ್ಕಳು ಠೂ ಬಿಟ್ಟಂತೆ ಶುರುವಾದದ್ದು, ಇಬ್ಬರ ತಲೆಯೂ ನರೆಯುವವರೆಗೆ ನಡೆಯಿತು. ಕೆಳಗಿನ ದಿನಸಿ ಅಂಗಡಿಯವನು ಸಾಮಾನು ಕಟ್ಟುತ್ತಾ, ನಿಮ್ಮಿಬ್ಬರ ಮಧ್ಯೆ ಇರೋದು ರಸ್ತೆನೋ ಸಮುದ್ರನೋ ಎಂದು ಚುಚ್ಚುತ್ತಿದ್ದ. ಟೈಲರಮ್ಮ ಕೇಳಿಸದವಳಂತೆ ಚೀಲ ಎತ್ತಿಕೊಳ್ಳುತ್ತಿದ್ದಳು.

ಆದರೂ ಅವರ ನಡುವೆ ಒಂದು ಟವೆಲು ಇತ್ತು. ಅಕ್ಕ ಬೆಳಿಗ್ಗೆ ಸ್ನಾನ ಮುಗಿಸಿ, ಹಳದಿ ಅಂಚಿನ ಟವೆಲನ್ನು ಬಾಲ್ಕನಿಯ ಕಂಬಿಯ ಮೇಲೆ ಹರವುತ್ತಿದ್ದಳು. ಸಂಜೆ ಒಳಗೆ ತೆಗೆಯುತ್ತಿದ್ದಳು. ಅದರ ಅಂಚು ಹೊಲಿದವಳು ತಂಗಿಯೇ, ಮಾತಿದ್ದ ಕಾಲದಲ್ಲಿ. ಯಂತ್ರದ ಮುಂದೆ ಕೂರುವ ಮೊದಲು ತಂಗಿ ಒಮ್ಮೆ ಆ ಕಡೆ ನೋಡುತ್ತಿದ್ದಳು. ಟವೆಲು ಇದ್ದರೆ ಅಕ್ಕ ಎದ್ದಿದ್ದಾಳೆ, ಚೆನ್ನಾಗಿದ್ದಾಳೆ. ಆಮೇಲೆಯೇ ಪೆಡಲಿನ ಮೇಲೆ ಕಾಲು.

ಆ ಬೇಸಿಗೆ ಬೆಟ್ಟದಾಚೆಯ ಕಾಡಿಗೆ ಬೆಂಕಿ ಬಿತ್ತು. ಬೆಂಕಿ ಊರಿಗೆ ಬರಲಿಲ್ಲ, ಹೊಗೆ ಬಂತು. ಮೊದಲ ದಿನ ಯಾರೋ ಕಸ ಸುಡುತ್ತಿದ್ದಾರೆ ಅಂದುಕೊಂಡರು. ಮರುದಿನ ಸೂರ್ಯ ಸವೆದ ತಾಮ್ರದ ಬಿಲ್ಲೆಯಂತೆ ಕಂಡ, ಬರಿಗಣ್ಣಿನಿಂದ ನೋಡಬಹುದಿತ್ತು. ಕಿಟಕಿಯ ಚೌಕಟ್ಟಿನ ಮೇಲೆ ಬೂದಿ ಕೂತಿತು. ಟೈಲರಮ್ಮ ಹೊಲಿಯುತ್ತಿದ್ದ ಬಿಳಿ ಅಂಗಿಯ ಕಾಲರಿನ ಮೇಲೂ ಬೂದಿ. ಒರೆಸಲು ಹೋದರೆ ಕಪ್ಪು ಗೀರು. ಗಂಟಲು ಕೆರೆಯಿತು, ಕಣ್ಣು ಉರಿಯಿತು. ಹಗಲಲ್ಲೇ ದೀಪ ಹಾಕಿಕೊಂಡು ಕೂತಳು.

ಪುರಸಭೆಯ ಗಾಡಿ ಧ್ವನಿವರ್ಧಕದಲ್ಲಿ ಕೂಗುತ್ತಾ ಹೋಯಿತು: ಕಿಟಕಿ ಬಾಗಿಲು ಮುಚ್ಚಿ, ಬಟ್ಟೆ ಹೊರಗೆ ಒಣಗಿಸಬೇಡಿ, ಉಬ್ಬಸದವರು, ಹೃದಯದ ಕಾಯಿಲೆಯವರು ಮನೆ ಬಿಟ್ಟು ಬರಬೇಡಿ, ಬಟ್ಟೆಯ ಮಾಸ್ಕು ಸಾಲದು. ಉಬ್ಬಸ ಎಂಬ ಪದ ಕಿವಿಗೆ ಬಿದ್ದಾಗ ಟೈಲರಮ್ಮ ಯಂತ್ರ ಬಿಟ್ಟು ಎದ್ದಳು. ಕಿಟಕಿಯ ಗಾಜಿಗೆ ಮೂಗು ಒತ್ತಿ ನೋಡಿದಳು. ಎದುರಿನ ಮನೆ ಹಾಲಿನೊಳಗೆ ಮುಳುಗಿದಂತಿತ್ತು. ಬಹಳ ಹೊತ್ತು ನೋಡಿದ ಮೇಲೆ ಹಳದಿಯ ಒಂದು ಗೆರೆ ಕಂಡಿತು. ಟವೆಲು ಕಂಬಿಯ ಮೇಲಿತ್ತು.

ಅವಳಿಗೆ ಜೀವ ಬಂತು, ಜೊತೆಗೆ ಕೋಪವೂ ಬಂತು. ಒಣಗಿಸಬೇಡಿ ಎಂದು ಕೂಗಿದರೂ ಒಣಗಿಸುತ್ತಾಳೆ. ಹುಟ್ಟಿದಾಗಿನಿಂದ ಇದೇ ಹಟ. ಹಟ ಮಾಡುವಷ್ಟು ಗಟ್ಟಿಯಾಗಿದ್ದಾಳಲ್ಲ, ಸಾಕು. ಪೆಡಲಿನ ಮೇಲೆ ಕಾಲಿಟ್ಟಳು. ಮರುದಿನವೂ ಹಾಗೆಯೇ: ಹಳದಿ ಗೆರೆ, ನೆಮ್ಮದಿ, ಕೆಲಸ. ನಡುವೆ ಒಮ್ಮೆ, ಹೋಗಿ ಬಾಗಿಲು ತಟ್ಟಲೇ ಎಂದು ಮೆಟ್ಟಿಲವರೆಗೆ ಹೋದಳು. ಬಾಗಿಲು ತೆರೆದು ಏನು ಬಂದೆ ಎಂದು ಕೇಳಿದರೆ ಏನು ಹೇಳುವುದು? ಮೆಟ್ಟಿಲಿಂದಲೇ ಹಿಂದಿರುಗಿದಳು.

ಆಮೇಲಿನ ಮಧ್ಯಾಹ್ನ ಗಾಳಿ ಸ್ವಲ್ಪ ತಿರುಗಿತು. ಹೊಗೆ ತೆಳುವಾಯಿತು, ಎದುರಿನ ಬಾಲ್ಕನಿ ಚೂರು ಚೂರಾಗಿ ಹೊರಬಂತು. ಟೈಲರಮ್ಮ ಅಂಗಿಗೆ ಗುಂಡಿಯ ಕಾಜಾ ಹಾಕುತ್ತಿದ್ದವಳು ತಲೆಯೆತ್ತಿದಳು. ಟವೆಲಿನ ಬಲಗಡೆಯ ತುದಿ ಮಡಚಿಕೊಂಡಿತ್ತು. ಮೊನ್ನೆ ಕಂಡ ಗೆರೆಯೂ ಒಂದು ಕಡೆ ಮುರಿದಂತಿತ್ತು, ಅದೇ ಕಡೆ. ಬಟ್ಟೆಯನ್ನು ಎತ್ತಿ ಮತ್ತೆ ಹರವಿದರೆ ಅದೇ ಮಡಿಕೆ ಮತ್ತೆ ಬೀಳುವುದಿಲ್ಲ. ಇದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಡಿಕೆಯೊಳಗೆ ಬೂದಿ ತುಂಬಿತ್ತು. ಟವೆಲು ಇವತ್ತು ಹೊರಗೆ ಹಾಕಿದ್ದಲ್ಲ, ಮೊನ್ನೆಯಿಂದ ಒಳಗೆ ತೆಗೆಯದೆ ಬಿಟ್ಟದ್ದು.

ಅವಳು ಚಪ್ಪಲಿ ಮೆಟ್ಟಲಿಲ್ಲ. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೆಯೇ ನೇತಾಡುತ್ತಿತ್ತು. ಅಂಗಡಿಯವನು ಏನೋ ತಮಾಷೆಗೆ ಬಾಯಿ ತೆರೆದವನು, ಅವಳ ಮುಖ ನೋಡಿ ಹಿಂದೆಯೇ ಓಡಿಬಂದ. ಅಕ್ಕನ ಮನೆಯ ಬಾಗಿಲಿಗೆ ಅಗಳಿ ಹಾಕಿರಲಿಲ್ಲ.

ಅಕ್ಕ ಅಡುಗೆಮನೆಯ ನೆಲದ ಮೇಲೆ ಗೋಡೆಯ ಪಕ್ಕ, ಮುಂದಕ್ಕೆ ಬಾಗಿ, ಎರಡೂ ಕೈ ಮೊಣಕಾಲಿಗೆ ಊರಿ ಕೂತಿದ್ದಳು. ಒಂದೊಂದು ಉಸಿರಿಗೂ ಭುಜ ಮೇಲೇಳುತ್ತಿತ್ತು. ತುಟಿ ನೀಲಿಗಟ್ಟಿತ್ತು. ಪಕ್ಕದಲ್ಲಿ ಬಿದ್ದಿದ್ದ ಉಬ್ಬಸದ ಪಂಪು ಒತ್ತಿದರೆ ಬರೀ ಗಾಳಿ. ಅಂಗಡಿಯವನು ಆಂಬುಲೆನ್ಸಿಗೆ ಫೋನು ಮಾಡಲು ಕೆಳಗೆ ಓಡಿದ. ತಂಗಿ ಎದುರಿಗೆ ಕೂತು ಅಕ್ಕನ ಕೈ ಹಿಡಿದುಕೊಂಡಳು. ಅಷ್ಟು ವರ್ಷದ ಮೇಲೆ ಮೊದಲ ಮಾತು ಅಕ್ಕನದೇ, ತುಂಡು ತುಂಡಾಗಿ.

"ಯಂತ್ರ... ನಿಂತ ಹಾಗಿತ್ತು. ಸದ್ದು ಕೇಳಿಸಲಿಲ್ಲ."

"ಕಿಟಕಿ ಮುಚ್ಚಿದ್ದೆ ಕಣೇ. ಮಾತಾಡಬೇಡ. ನಿನ್ನ ಟವೆಲು ಅಲ್ಲೇ ಇತ್ತಲ್ಲ, ಅದಕ್ಕೇ ನಾನು..."

"ಟವೆಲಾ?" ಎಂದಳು ಅಕ್ಕ. ಮುಂದೆ ಹೇಳಲು ಉಸಿರು ಸಾಲಲಿಲ್ಲ.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಪಡಸಾಲೆಯ ತುಂಬ ಕೆಮ್ಮುವವರು. ಮಕ್ಕಳನ್ನು ಎತ್ತಿಕೊಂಡವರು ಗೋಡೆಯುದ್ದಕ್ಕೂ ನಿಂತಿದ್ದರು. ಜೀವ ಉಳಿಯಿತು, ಆದರೆ ಶ್ವಾಸಕೋಶ ಮೊದಲಿನಂತಾಗಲಿಲ್ಲ. ಕಾಡು ಪೂರ್ತಿ ಆರುವವರೆಗೆ ಈ ಗಾಳಿಯಲ್ಲಿ ಇಡುವಂತಿಲ್ಲ ಎಂದು ಡಾಕ್ಟರು ಅವಳನ್ನು ದೂರದ ಆಸ್ಪತ್ರೆಯೊಂದಕ್ಕೆ ಕಳಿಸಿದರು. ಅಲ್ಲಿ ರೋಗಿಗಳ ಜೊತೆ ಯಾರನ್ನೂ ಇರಲು ಬಿಡುವುದಿಲ್ಲ. ಗಾಡಿಯ ಬಾಗಿಲು ಮುಚ್ಚುವಾಗ ಅಕ್ಕನ ಮುಖದ ಮೇಲೆ ಆಮ್ಲಜನಕದ ಮಾಸ್ಕಿತ್ತು. ಟವೆಲಿನ ವಿಷಯ ತಂಗಿ ಕೇಳಬೇಕೆಂದಿದ್ದಳು, ಕೇಳಲಾಗಲಿಲ್ಲ.

ಆ ಟವೆಲನ್ನು ತಂಗಿ ತನ್ನ ಮನೆಗೆ ತಂದು ಎಷ್ಟೋ ಸಲ ಒಗೆದಳು. ಹೊಗೆಯ ವಾಸನೆ ಹೋಗಲಿಲ್ಲ. ಈಗ ಬೆಳಿಗ್ಗೆ ಎದ್ದು ಅದನ್ನು ತನ್ನ ಕಿಟಕಿಯ ಕಂಬಿಯ ಮೇಲೆ ಹರವುತ್ತಾಳೆ, ತುದಿ ನೇರ ಮಾಡುತ್ತಾಳೆ, ಸಂಜೆ ಮರೆಯದೆ ಒಳಗೆ ತೆಗೆಯುತ್ತಾಳೆ. ಎದುರಿನ ಕಿಟಕಿ ಮುಚ್ಚಿದೆ. ತನ್ನ ಕಿಟಕಿಯನ್ನು ಮಾತ್ರ ಅವಳು ತೆರೆದೇ ಹೊಲಿಯುತ್ತಾಳೆ, ಸದ್ದು ಆಚೆಗೆ ಹೋಗಲಿ ಎನ್ನುವವಳಂತೆ.

ಅಕ್ಕ ಇಷ್ಟು ವರ್ಷ ಆ ಯಂತ್ರದ ಸದ್ದನ್ನು ಕೇಳಿಸಿಕೊಳ್ಳುತ್ತಾ ಕೂತಿದ್ದಳೇ, ಟವೆಲನ್ನು ತಂಗಿಗೆಂದೇ ಹಾಕುತ್ತಿದ್ದಳೇ, ಅಥವಾ ಅದು ಬರೀ ಒದ್ದೆ ಟವೆಲೇ? ತಂಗಿಗೆ ಗೊತ್ತಿಲ್ಲ. ಅಕ್ಕ ಹಿಂದಿರುಗುತ್ತಾಳೋ ಇಲ್ಲವೋ, ಅದೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ.