ಮೇಲಿನ ಹಂತದಲ್ಲಿ ಕೂತವರು

ನಾನು ಬಾಜಿ, ಅಂದರೆ ಅಕ್ಕ, ಎಂದು ಕರೆಯುವ ತಬಿಂದಾ ನನ್ನ ದೊಡ್ಡಮ್ಮನ ಮಗಳು, ನರ್ಸಿಂಗ್ ಕೊನೆಯ ವರ್ಷ. ಮದುವೆ ಬೇಡ ಎಂದವಳಲ್ಲ. "ಯಾರಾದ್ರೂ ನೋಡೋಕೆ ಬಂದ್ರೆ ಮೊದ್ಲೇ ಹೇಳ್ಬಿಡೇ. ಕದ್ದು ನೋಡಿಸ್ಕೊಳ್ಳೋದು ನಂಗಾಗಲ್ಲ" ಎಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು.

ಆದರೂ ಆ ಭಾನುವಾರ ಅವಳನ್ನು ಬೆಟ್ಟದ ಮೇಲೆ ಹಂತ ಹಂತವಾಗಿ ಏರುವ ಪರಿಮಹಲ್ ತೋಟಕ್ಕೆ ಕರೆದೊಯ್ದವಳು ನಾನೇ. ಹುಡುಗನ ತಾಯಿ ಮತ್ತು ಸೋದರತ್ತೆ ಮೇಲಿನ ಹಂತದ ಕಮಾನಿನಡಿ ಕೂತಿರುತ್ತಾರೆ, ನೀನು ಅವಳನ್ನು ಮೆಟ್ಟಿಲು ಹತ್ತಿಸಿಕೊಂಡು ಬಾ ಎಂದಿದ್ದರು ದೊಡ್ಡಮ್ಮ. ನಮ್ಮ ಶ್ರೀನಗರದಲ್ಲಿ ಹೆಣ್ಣು ನೋಡಲು ಇಂಥ ತೋಟಕ್ಕಿಂತ ಒಳ್ಳೆಯ ಜಾಗವಿಲ್ಲ. ಹುಡುಗಿಯ ನಡಿಗೆ ಹೇಗೆ, ಉಸಿರು ಕಟ್ಟುತ್ತದೆಯೇ, ಹಿರಿಯರಿಗೆ ಸಲಾಂ ಹೇಳುತ್ತಾಳೆಯೇ, ಎಲ್ಲ ಮೇಲಿನಿಂದ ಕಾಣುತ್ತದೆ. ಹುಡುಗಿಗೆ ಮಾತ್ರ ಗೊತ್ತಿರುವುದಿಲ್ಲ. ಗುಟ್ಟು ನನ್ನ ಬಳಿ ಇದೆಯೆಂಬ ಖುಷಿಗೇ ನಾನು ಒಪ್ಪಿಬಿಟ್ಟೆ. ಚೆಂದ ಕಾಣಲಿ ಎಂದು ಈದ್‌ಗೆ ಕೊಂಡ ನನ್ನ ಹೊಸ ಚಪ್ಪಲಿಯನ್ನೂ ಅವಳ ಕಾಲಿಗೆ ಹಾಕಿಸಿದೆ.

ಎರಡನೇ ಹಂತ ದಾಟುವಷ್ಟರಲ್ಲಿ ಚಪ್ಪಲಿ ಕಚ್ಚಿ ಬಾಜಿ ಕುಂಟತೊಡಗಿದಳು.

"ಕೂತ್ಕೊಳ್ಳೋಣ್ವೇನೇ?"

"ಅಯ್ಯೋ, ಇನ್ನೊಂದೇ ಹಂತ ಬಾಜಿ! ಅಲ್ಲಿಂದ ದಾಲ್ ಸರೋವರ ಎಷ್ಟು ಚೆನ್ನಾಗಿ ಕಾಣತ್ತೆ!"

ಕಾಲೆಳೆಯುತ್ತಲೇ ಹತ್ತಿದಳು. ಕಮಾನಿನಡಿಯ ಇಬ್ಬರು ಹೆಂಗಸರಿಗೆ ಸಲಾಂ ಹೇಳಿ, ನಾವು ತಂದಿದ್ದ ಚಹಾ ಪಾತ್ರೆ ಸಮಾವರ್‌ನಿಂದ ಉಪ್ಪು ಚಹಾ ಬಗ್ಗಿಸಿ, "ತಗೊಳ್ಳಿ ಆಂಟಿ, ಬಿಸಿ ಇದೆ" ಎಂದು ತಾನಾಗಿಯೇ ಕೊಟ್ಟಳು. ಹುಡುಗನ ತಾಯಿ ಚಹಾ ಕುಡಿಯುತ್ತ ಅವಳ ಕಾಲನ್ನೇ ನೋಡಿದರು. ಚಪ್ಪಲಿ ಕಚ್ಚಿದ್ದು ಎಂದು ಹೇಳಬಹುದಿತ್ತು. ಗುಟ್ಟು ಬಯಲಾದೀತೆಂದು ಬಾಯಿ ಮುಚ್ಚಿಕೊಂಡು ಕುಲ್ಚಾ ರೊಟ್ಟಿ ಮುರಿಯುತ್ತಿದ್ದೆ. ಅವರು ಲೋಟ ಇಟ್ಟು ಎದ್ದರು. ಮೆಟ್ಟಿಲಿಳಿಯುತ್ತ ಹುಡುಗನ ಸೋದರತ್ತೆ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು: "ಪಾಪ, ಮುಖ ನೋಡು ಹೂವಿನ ಹಾಗಿದೆ. ಕಾಲಿನ ವಿಷ್ಯ ಮುಚ್ಚಿಟ್ಟಿದ್ದಾರೆ."

ಬಾಜಿಯ ನಗು ನಿಂತಿತು. ನನ್ನ ಕಡೆ ತಿರುಗಿದಳು.

"ಯಾರೇ ಅವರು?"

ಹೇಳಿದೆ. ಒಂದೇ ಉಸಿರಿಗೆ, ಎಲ್ಲ. ಅಳು ಬಂದದ್ದು ನನಗೆ, ಅವಳಿಗಲ್ಲ. ಅವಳು ಚಪ್ಪಲಿ ಬಿಚ್ಚಿದಳು. ಹಿಮ್ಮಡಿಯ ಚರ್ಮ ಕಿತ್ತು ರಕ್ತ ಬಂದಿತ್ತು. ಎರಡನ್ನೂ ನನ್ನ ಮಡಿಲಲ್ಲಿಟ್ಟು ಬರಿಗಾಲಲ್ಲಿ, ತಲೆ ಎತ್ತಿ, ಒಂದಿಷ್ಟೂ ಕುಂಟದೆ ಮೆಟ್ಟಿಲಿಳಿದಳು.

ಕೆಳಗಿನ ಹಂತದಲ್ಲಿ ಆ ಹೆಂಗಸರು ಶಾಲು ಸರಿಮಾಡಿಕೊಳ್ಳುತ್ತಿದ್ದರು. ತಾಯಿಯ ಮುಖ ಅರಳಿತು. "ಅರೇ, ಕಾಲು ಚೆನ್ನಾಗೇ ಇದ್ಯಲ್ಲಮ್ಮಾ!"

"ಕಾಲು ಚೆನ್ನಾಗಿದೆ ಆಂಟಿ," ಎಂದಳು ಬಾಜಿ. "ಕರ್ಕೊಂಡು ಬಂದವಳೇ ಸರಿಯಿಲ್ಲ. ಇನ್ನೊಂದ್ಸಲ ನೋಡ್ಬೇಕು ಅನ್ಸಿದ್ರೆ ಮನೆಗೆ ಬನ್ನಿ. ನನ್ನನ್ನ ಕೇಳಿ ಬನ್ನಿ."

ಅವಳು ಹಿಂತಿರುಗಿ ನೋಡಲಿಲ್ಲ. ಒಂದು ಕೈಯಲ್ಲಿ ಬಿಸಿ ಸಮಾವರ್, ಇನ್ನೊಂದರಲ್ಲಿ ರಕ್ತ ಅಂಟಿದ ನನ್ನದೇ ಚಪ್ಪಲಿ ಹಿಡಿದು, ನಾನು ಒಂದೊಂದೇ ಹಂತ ಇಳಿದೆ. ಬಾಜೀ, ಬಾಜೀ ಎಂದು ಕರೆಯುತ್ತಲೇ ಇದ್ದೆ.