ಗಂಗುಲಮ್ಮ ಹಾರಿದ ಬಾವಿ

ಪರದೆಯ ಮೇಲೆ ಕೆಂಪು ಸೀರೆಯವಳೊಬ್ಬಳು ಬೆನ್ನು ತೋರಿಸಿ ಬಾವಿಯ ಅಂಚಿಗೆ ಬಂದು ನಿಂತಳು, ಪೆರೇಸಂದ್ರದ ಆಚೆಯ ಅದೇ ಮೆಟ್ಟಿಲ ಬಾವಿ, ಆಗ ನೀರಿತ್ತು, ಈಗ ಬರೀ ಮುಳ್ಳು — ಶೋಭಾರಾಣಿ ಪಕ್ಕದಲ್ಲಿ ಕೂತ ಅಮ್ಮನ ಕೈ ಹಿಡಿದಳು, ನೋಡಮ್ಮ, ಬಂತು, ಅಷ್ಟರಲ್ಲಿ ಹಿಂದಿಯ ಆ ದನಿ, ಖೇತ್ರಪಾಲ್ ಮನೆತನದ ಮೂರು ತಲೆಮಾರಿನ ಸಿನಿಮಾ ಕಥೆಯನ್ನು ವೇದಿಕೆಯ ಮೇಲೆ ನಿಂತು ಹೇಳುತ್ತಿದ್ದ ಮೊಮ್ಮಗನ ದನಿ, ನನ್ನ ಅಜ್ಜಿ ಡ್ಯೂಪ್ ಬೇಡವೆಂದು ತಾವೇ ಹಾರಿದರು, ಧೈರ್ಯ ನಮ್ಮ ರಕ್ತದಲ್ಲೇ ಇದೆ, ಚಿಕ್ಕಬಳ್ಳಾಪುರದ ಸಭಾಂಗಣವೆಲ್ಲ ಚಪ್ಪಾಳೆ. ಯಾರ ರಕ್ತ? ಆ ಅಜ್ಜಿ, ದೊಡ್ಡ ನಾಯಕಿ, ಅವತ್ತು ಛತ್ರಿಯ ಕೆಳಗೆ ಕೂತು ಎಳನೀರು ಕುಡಿಯುತ್ತಿದ್ದಳು, ಶೋಭಾರಾಣಿಗೆ ಆಗ ಮೂರು ವರ್ಷ, ನೆನಪೋ, ಕೇಳಿ ಕೇಳಿ ನೆನಪಾದದ್ದೋ, ಆದರೆ ಎಳನೀರು ಕಾಣುತ್ತದೆ, ನಾಯಕಿಯ ಸೀರೆ ಉಟ್ಟು ನಿಂತ ಅಮ್ಮ ಕಾಣುತ್ತಾಳೆ, ಕೆಳಗೆ ಆ ಕಲ್ಲು ಕಾಣುತ್ತದೆ, ಊರಲ್ಲಿ ಈಜು ಬರುತ್ತಿದ್ದ ಒಬ್ಬಳೇ ಹೆಂಗಸು ಗಂಗುಲಮ್ಮ, ಹಾರು ಅಂದರು, ಬೆಳಕು ಸರಿಯಿಲ್ಲ ಇನ್ನೊಂದು ಸಲ ಅಂದರು, ಮೂರನೇ ಸಲ ಒದ್ದೆ ಸೀರೆ ಕಾಲಿಗೆ ಸುತ್ತಿಕೊಂಡು ಸೊಂಟ ಕಲ್ಲಿಗೆ ಬಡಿಯಿತು, ಒಂದು ಕಾಲು ಊನವಾಯಿತು, ಜೀಪಿನಲ್ಲಿ ಆಸ್ಪತ್ರೆಗೆ ಬಿಟ್ಟುಹೋದವರು ತಿರುಗಿ ನೋಡಲಿಲ್ಲ, ನಲವತ್ತೆಂಟು ವರ್ಷ ಅಮ್ಮ ಆ ಕಾಲನ್ನು ಎಳೆದುಕೊಂಡೇ ರೇಷ್ಮೆ ಹುಳುವಿಗೆ ಸೊಪ್ಪು ಹೊತ್ತಳು, ಮಗಳನ್ನು ಟೀಚರ್ ಮಾಡಿದಳು, ಅಲ್ಲಿ ಬೊಂಬಾಯಿಯಲ್ಲಿ ಅವರು ಆ ನೆಗೆತವನ್ನೇ ತೋರಿಸಿ ತೋರಿಸಿ ಮಗನನ್ನು ಹೀರೋ ಮಾಡಿದರು, ಮೊಮ್ಮಗನನ್ನು ಡೈರೆಕ್ಟರ್ ಮಾಡಿದರು.

ಪೋನೀ, ಹೋಗ್ಲಿ ಬಿಡು ಶೋಭಮ್ಮ, ಅಮ್ಮ ಮೆಲ್ಲಗೆ ಅಂದಳು. ಬಿಡುವುದಾ? ಸಮಾರಂಭದ ಉಸ್ತುವಾರಿ ನರೇಂದ್ರ ಅಮ್ಮನನ್ನು ಕರೆದದ್ದು ಬಾವಿ ಇರುವ ಊರಿನ ಹಿರಿಯಳೆಂದು, ಶಾಲು ಹೊದಿಸಲು, ಈಗ ಅವನೇ ಕೂತ್ಕೊಳ್ಳಿ ಮೇಡಂ ಎಂದು ಕೈಸನ್ನೆ ಮಾಡುತ್ತಿದ್ದಾನೆ, ತಾನು ಎದ್ದು ನಿಂತದ್ದೇ ಅವಳಿಗೆ ಗೊತ್ತಾಗಿರಲಿಲ್ಲ, ಮೂವತ್ತು ವರ್ಷ ಶಿಡ್ಲಘಟ್ಟದ ಶಾಲೆಯಲ್ಲಿ ಪಾಠ ಹೇಳಿದ ಗಂಟಲು, ಮೈಕು ಬೇಕಿಲ್ಲ, ಆ ಬಾವಿಗೆ ಹಾರಿದ್ದು ನಿಮ್ಮಜ್ಜಿ ಅಲ್ಲಪ್ಪ, ನಮ್ಮಮ್ಮ, ಇಲ್ಲೇ ಕೂತವ್ರೆ. ನರೇಂದ್ರ ಹಿಂದಿಯಲ್ಲಿ ಪಿಸುಗುಟ್ಟಿದ, ಮೊಮ್ಮಗ ನಕ್ಕ, ನಮ್ಮ ಮನೆಯಲ್ಲಿ ಮೊದಲಿಂದಲೂ ಹೀಗೇ ಹೇಳುತ್ತಾರೆ ಅಂದ, ಹೇಳುತ್ತಾರೆ, ಹೇಳದೆ ಏನು, ಕೇಳುವವರು ಯಾರಿದ್ದರು, ಚಿತ್ರ ಹಿಂದಕ್ಕೆ ಹಾಕಿಸಿ, ಹಾರುವಾಗ ನಿಲ್ಲಿಸಿ ಎಂದಳು ಶೋಭಾರಾಣಿ, ನಿಲ್ಲಿಸಿದರು. ಗಾಳಿಯಲ್ಲಿ ಚಾಚಿದ ತೋಳು, ಮೊಣಕೈಯ ಕೆಳಗೆ ಹಸಿರು ಹಚ್ಚೆ, ಚೇಳು — ಅವಳು ಅಮ್ಮನ ಸೆರಗು ಸರಿಸಿ ಕೈಯನ್ನು ಎತ್ತಿ ಹಿಡಿದಳು, ಚರ್ಮ ಸುಕ್ಕಾಗಿದೆ, ಚೇಳು ಅದೇ. ಮೊಮ್ಮಗನ ನಗು ಹೋಯಿತು, ಕೆಳಗಿಳಿದು ಬಂದು ಅಮ್ಮನ ಕಾಲು ಮುಟ್ಟಲು ಬಗ್ಗಿದ, ಆ ಕಾಲನ್ನೇ, ಮುಟ್ಟಬೇಡಪ್ಪ, ಚಿತ್ರದಲ್ಲಿ ಅಮ್ಮನ ಹೆಸರು ಹಾಕು ಎಂದಳು ಶೋಭಾರಾಣಿ, ಹಾಕುತ್ತೇನೆ ಎಂದ ತಲೆ ತಗ್ಗಿಸಿ, ಸಾಲದು, ಇನ್ನೂ ಹೇಳಬೇಕು, ಜೀಪು, ಆಸ್ಪತ್ರೆ, ಬಾಯಿ ತೆರೆದಿದ್ದಳು, ಅಮ್ಮ ಕನ್ನಡಕ ಒರೆಸಿಕೊಂಡು ಪರದೆ ನೋಡುತ್ತ ಅಂದಳು, ಇದು ಮೂರನೇ ಸಲದ್ದು ಕಣಮ್ಮ, ಒದ್ದೆ ಸೀರೆ ಆಗ್ಲೇ ಕಾಲಿಗೆ ಸುತ್ಕೊಂಡೈತೆ — ಮೂರನೆಯದು, ಅದನ್ನೇ ಇಟ್ಟುಕೊಂಡರಾ, ನಲವತ್ತೆಂಟು ವರ್ಷ ಊರೂರಿಗೆ ಇದನ್ನೇ ತೋರಿಸಿದರಾ, ಕಾಲಿಗೆ ಸುತ್ತಿದ ಕೆಂಪು ಸೀರೆ, ಇನ್ನೂ ತಾಗದ ಸೊಂಟ, ಗೇಣು ಕೆಳಗೆ ಕಲ್ಲು, ಗೇಣು ಕೆಳಗೆ ಕಲ್ಲು