ಫಲಕದಲ್ಲಿ ಹಸೀನಾಬೇಗಂ

ಗಂಗಾವತಿಯ ನಮ್ಮ ಮಸೀದಿಯ ಗೋಡೆಯಲ್ಲಿ ಒಂದು ಟಿವಿ ಇದೆ. ಅದರಲ್ಲಿ ಐದು ಹೊತ್ತಿನ ನಮಾಜಿನ ವೇಳೆ ಕಾಣುತ್ತದೆ. ಶುಕ್ರವಾರ ಅದರ ಕೆಳಗೆ, ಯಾರಿಗಾಗಿ ದುವಾ ಕೇಳಬೇಕೋ ಆ ತೀರಿಕೊಂಡವರ ಹೆಸರುಗಳೂ ಬರುತ್ತವೆ.

ಹೆಂಡತಿ ತೀರಿಕೊಂಡ ಮೇಲಿನ ಮೊದಲ ಶುಕ್ರವಾರ ನಜೀರಸಾಬರು ಎಲ್ಲರಿಗಿಂತ ಮೊದಲೇ ಬಂದು ಟಿವಿ ನಡೆಸುವ ಪುಟ್ಟ ಕಂಪ್ಯೂಟರಿನ ಮುಂದೆ ಕುಳಿತರು. ಜಮಾತಿನ ಜನ ಸೇರುವುದರೊಳಗೆ ಆಕೆಯ ಹೆಸರು ಅಲ್ಲಿರಬೇಕಿತ್ತು. ಅವರು ನೀರಾವರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವರು. ಕಂಪ್ಯೂಟರ್ ನೋಡಿಕೊಳ್ಳುವ ಶಬ್ಬೀರ ಸಿದ್ದಾಪುರದ ರೈಸ್ ಮಿಲ್ಲಿನಲ್ಲಿದ್ದ, ಫೋನಿನಲ್ಲೇ ಹೇಳಿಕೊಟ್ಟ.

“ಸೆಡ್ ಅಂತ ಒಂದು ಕಮಾಂಡ್ ಐತಿ ಚಾಚಾ. ‘ದುವಾ’ ಅನ್ನೋ ಸಾಲಿನ ಕೆಳಗ ಅದ ಹೊಸಾ ಸಾಲು ಸೇರಸ್ತೈತಿ. ಹೆಸರಿಗಿಂತ ಮೊದ್ಲ ನಾಕು ಜಾಗಾ ಖಾಲಿ ಬಿಡ್ರಿ. ಒಳಗ ಸರದು ಕುಂತ್ರನ ಅದು ದುವಾದ್ದು ಅಂತ ಲೆಕ್ಕ, ಇಲ್ಲಾಂದ್ರ ಟಿವಿನ ಬಂದ್ ಆಗ್ತೈತಿ. ಹೆಸರೇನು ಹಾಕ್ತೀರಿ?”

ನಜೀರಸಾಬರು ತಡೆದರು. ಮದುವೆಯಾದಂದಿನಿಂದ ಅವರು ಹೆಂಡತಿಯನ್ನು ಹೆಸರು ಹಿಡಿದು ಕರೆದವರಲ್ಲ.

“ನಜೀರಸಾಬನ ಮನಿಯವರು ಅಂತ ಹಾಕಲೇನಪಾ?”

“ಅಲ್ಲಾಗ ನಿಮ್ಮ ಹೆಸರು ಹೇಳಿ ಆಕಿನ್ನ ಗುರ್ತ ಹಿಡಿಸ್ತೀರೇನು ಚಾಚಾ?”

ಹಸೀನಾಬೇಗಂ ಎಂದು ಒತ್ತಿದರು. ಟಿವಿ ಕಪ್ಪಾಯಿತು.

“ಜಾಗಾ ಬಿಟ್ಟಿದ್ರೇನ್ರಿ?”

“ಬಿಟ್ಟೇನಿ. ಜನ್ಮಾ ಪೂರಾ ಅದ ಕೆಲಸ ಮಾಡೇನಿ.”

ಶಬ್ಬೀರ ಹೇಳಿದಂತೆ ಕಂಪ್ಯೂಟರಿನ ಪರದೆಯಲ್ಲಿ ಫೈಲು ತೆರೆದಾಗ ಬೇರೆ ಹೆಸರುಗಳೆಲ್ಲ ಒಳಗೆ ಒಂದರ ಕೆಳಗೊಂದು ಇದ್ದವು. ಆಕೆಯ ಹೆಸರೊಂದೇ ಎಡದ ಅಂಚಿಗೆ, ದುವಾದಿಂದ ಹೊರಗೆ ಬಿದ್ದಿತ್ತು. ಅದನ್ನು ಶಬ್ಬೀರನಿಗೆ ಹೇಳಿದರು.

“ತಪ್ಪು ನಂದ್ರಿ. ಹೆಸರಿಗಿಂತ ಮೊದಲಿನ ಖಾಲಿ ಜಾಗಾ ಆ ಕಮಾಂಡ ತಾನ ನುಂಗತೈತಿ. ಜಾಗಾಕ್ಕಿಂತ ಮೊದ್ಲ ಒಂದು ಬ್ಯಾಕ್‌ಸ್ಲ್ಯಾಶ್ ಹೊಡೀಬೇಕು, ಆ ಓರೆ ಗೀಟು. ಮೊದ್ಲ ಈ ಸಾಲು ಅಳಸ್ರಿ. ಹೆಸರು ಬರದು, ಆಮ್ಯಾಲ ‘ಡಿ’ ಒತ್ರಿ, ಅದ ಅಳಸ್ತೈತಿ.”

ಅಳಿಸಲು ಆಕೆಯ ಹೆಸರನ್ನೇ ಬರೆಯಬೇಕಿತ್ತು. ಬರೆದರು. ಮಂಗಳವಾರ ಮಣ್ಣು ಕೊಟ್ಟ ಕೈ ‘ಡಿ’ಯ ಮೇಲೆ ನಿಂತಿತು. ಹೊರಗೆ ಜನ ಕೈಕಾಲು ತೊಳೆದು ವಜೂ ಮಾಡುವ ನೀರಿನ ಸದ್ದು. ಒಳಗೆ ಕತ್ತಲೆಯ ಟಿವಿ. ಒತ್ತಿದರು.

ಆಮೇಲೆ ಓರೆ ಗೀಟು, ನಾಲ್ಕು ಖಾಲಿ ಜಾಗ, ಹೆಸರು. ಟಿವಿ ಬೆಳಗಿತು. ನಮಾಜಿನ ವೇಳೆಯ ಕೆಳಗೆ, ಉಳಿದವರ ಸಾಲಿನಲ್ಲಿ ಆಕೆ ಇದ್ದಳು.

ಪಕ್ಕದ ಮನೆಯ ಉಮರಸಾಬರು ಬಂದು ಕತ್ತೆತ್ತಿ ಓದಿದರು.

“ಹಸೀನಾಬೇಗಂ ಅಂದ್ರ ಯಾರ್ರಿ?”

“ನಮ್ಮ ಮನಿಯವ್ರು.”

ಉಮರಸಾಬರು ಮತ್ತೊಮ್ಮೆ ಟಿವಿಯತ್ತ ನೋಡಿದರು. “ಇಷ್ಟು ವರ್ಷ ಭಾಬಿ ಭಾಬಿ ಅಂತ ಅವರ ಕೈಯಾಗಿನ ಚಾ ಕುಡದೆ. ಹೆಸರು ಇವತ್ತ ಗೊತ್ತಾತು ನೋಡ್ರಿ.”

ನಮಾಜಿನ ಬಳಿಕ ಎಲ್ಲರೂ ಕೈ ಎತ್ತಿದರು. ನಜೀರಸಾಬರು ಆಕೆಯ ಹೆಸರು ಹೇಳಿ ದುವಾ ಕೇಳಿದರು. ಪರಿಚಯವಿಲ್ಲದವರ ಹೆಸರಿನಂತೆ ಅದು ನಾಲಿಗೆಯಲ್ಲಿ ತೊಡರಿತು.